ಧಣಿಗಳು ಬಯಸಿದ ನನ್ನ ಒಳ್ಳೆಯದು

ನಮ್ಮ ಒಳ್ಳೆಯದನ್ನು ನಮಗಿಂತ ಹೆಚ್ಚು ಬಲ್ಲವರು ಇರುವ ತನಕ ಇಂಥ ಪ್ರಸಂಗಗಳಿಗೆ ಬರವಿಲ್ಲ. ಅರವತ್ತರ ದಶಕದಲ್ಲಿ ನಾನು ನಾಸಿಕದಲ್ಲಿ ನಮ್ಮ ಕುಂದಾಪುರ ಕಡೆಯವರ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದೆ. ಧಣಿಗಳು ತಮ್ಮನ್ನು ನಮ್ಮ ತಂದೆಯೆಂದೇ ತಿಳಿದಿದ್ದರು. ಊರಿನಲ್ಲಿ ನನಗೊಬ್ಬ ತಂದೆ ಇದ್ದ, ಅವನನ್ನು ಯಾರೂ ಕೇಳಿರಲಿಲ್ಲ.

ಕೆಮ್ಮಿದ ಸಿಪಾಯಿ

ದೇವಳಾಲಿ ಕ್ಯಾಂಪಿನ ಸಿಪಾಯಿಯೊಬ್ಬ ಮಸಾಲೆ ದೋಸೆ ಹೇಳಿ, ಒಮ್ಮೆ ಕೆಮ್ಮಿದ. ದುಡ್ಡು ತೆಗೆದುಕೊಳ್ಳುವ ಗಲ್ಲೆಯಿಂದಲೇ ಧಣಿಗಳು ಅವನಿಗೆ ಇಡ್ಲಿ, ಮೆಣಸಿನ ಸಾರು ಕಳಿಸಿದರು.

"ಮೈನೇ ದೋಸಾ ಮಾಂಗಾ ಥಾ" ಎಂದ ಅವನು.

"ಕಫ ಹೈ. ದೋಸಾ ನಹೀಂ" ಎಂದರು ಧಣಿಗಳು.

ಬಡಪಾಯಿ ತಿಂದ. ಹೋಗುವಾಗ ನನ್ನ ಕಿವಿಯಲ್ಲಿ, "ನಮ್ಮ ಮೆಸ್ಸಿನಲ್ಲಿ ಕೆಮ್ಮುವುದಕ್ಕಾದರೂ ಬಿಡುತ್ತಾರೆ" ಎಂದ.

ಅಳುವ ಹೊತ್ತು

ನಮ್ಮ ಕಾಗದಗಳೆಲ್ಲ ಹೋಟೆಲಿನ ವಿಳಾಸಕ್ಕೇ ಬರುತ್ತಿದ್ದವು. ಧಣಿಗಳೇ ಒಡೆದು ಓದಿ, ನಮಗೆ ಹಿತವಾದಷ್ಟನ್ನು ಮಾತ್ರ ಹೇಳುತ್ತಿದ್ದರು. ನನ್ನನ್ನು ಸಾಕಿದ ಅಜ್ಜಿ ಸತ್ತದ್ದು ಉತ್ತರಕ್ರಿಯೆ, ಬೊಜ್ಜವೆಲ್ಲ ಮುಗಿದು ತಿಂಗಳಾದ ಮೇಲೆ ತಿಳಿಯಿತು.

"ಯಾಕೆ ಹೇಳಲಿಲ್ಲ ಧಣಿ?"

"ಹೇಳಿದ್ರೆ ನೀನು ಅಳ್ತಿದ್ದೆ. ಶ್ರಾವಣದ ಯಾತ್ರಿಕರ ರಶ್ಶಲ್ಲಿ ಅಳುವವನ ಕೈಯಿಂದ ಯಾರು ನೀರು ಕುಡೀತಾರೆ ಮಾರಾಯ?"

"ಈಗ?"

"ಈಗ ಅಳು. ಮೂರರಿಂದ ನಾಲ್ಕರ ತನಕ ಗಿರಾಕಿ ಕಡಿಮೆ."

ಒಂದು ಮಾತು

ಔರಂಗಾಬಾದಿನಲ್ಲಿ ನನ್ನ ಸೋದರಮಾವ ಹೊಸ ಹೋಟೆಲು ತೆರೆದಿದ್ದ. ಅಲ್ಲಿಯ ಅಡುಗೆಮನೆ ನನಗೆ ಬೇಕಿತ್ತು, ಜೀವನದಲ್ಲಿ ನಾನಾಗಿ ಬಯಸಿದ್ದು ಅದೊಂದೇ. ಅವನಿಗೆ ಬರೆದು ಆರು ತಿಂಗಳು ಕಾದೆ. ಉತ್ತರವಿಲ್ಲ. ಕೊನೆಗೆ ಹೇಳದೆ ಕೇಳದೆ ಬಸ್ಸು ಹತ್ತಿದೆ.

ಮಾವ ಒಂದು ಕಾಗದ ತೋರಿಸಿದ. ಅವನು ಆಗಲೇ ಹೋಟೆಲಿನ ವಿಳಾಸಕ್ಕೆ ಬರೆದು ನನ್ನನ್ನು ಕರೆದಿದ್ದನಂತೆ. ಅದಕ್ಕೆ ಧಣಿಗಳೇ ಉತ್ತರಿಸಿದ್ದರು: 'ಹುಡುಗನಿಗೆ ಸ್ವಂತ ಬುದ್ಧಿ ಇಲ್ಲ. ಇಲ್ಲೇ ಇರಲಿ.' ಹುಡುಗನಿಗೆ ಆಗ ಮೂವತ್ತೊಂದು ವರ್ಷ.

"ಈಗ ನಾನೇ ಬಂದಿದ್ದೇನಲ್ಲ ಮಾವ" ಎಂದೆ.

"ಬಂದದ್ದು ಒಳ್ಳೇದಾಯ್ತು. ಆದ್ರೆ ಇನ್ನೊಬ್ಬರ ಹೋಟೆಲಿನವನನ್ನು ಕೇಳದೆ ಇಟ್ಟುಕೊಳ್ಳುವ ಕ್ರಮ ನಮ್ಮಲ್ಲಿಲ್ಲ. ಧಣಿಗಳ ಹತ್ರ ಒಂದು ಮಾತು ಕೇಳಿ ಬಾ."

ಮತ್ತೆ ಬಸ್ಸು ಹತ್ತಿ ನಾಸಿಕಕ್ಕೆ ಮರಳಿ, ಗಲ್ಲೆಯ ಮುಂದೆ ಕೈಕಟ್ಟಿ ನಿಂತು ಕೇಳಿದೆ. ಧಣಿಗಳು ನನ್ನನ್ನು ಕನಿಕರದಿಂದ ನೋಡಿದರು.

"ಅಷ್ಟು ದೂರ ತಪ್ಪಿಸಿಕೊಂಡು ಹೋದವ, ಕೇಳ್ಲಿಕ್ಕೆ ವಾಪಸ್ ಬರ್ತಾನಾ? ಸ್ವಂತ ಬುದ್ಧಿ ಇಲ್ಲ ಅಂತ ನಾನು ಸುಮ್ಮನೆ ಬರೆದದ್ದಾ? ಹೋಗು, ಎರಡನೇ ಟೇಬಲ್ಲಿಗೆ ನೀರು ಕೊಡು."

ಕೊಟ್ಟೆ.