ಈ ಸಲ ನನ್ನ ಓಟು ನನ್ನ ಕೈಲೆ

ಮದುವಿ ಮನ್ಯಾಗ ಒಂದೆರಡು ನಗೋ ಮಾತು ಆಗ್ತಾವ, ಸಾವಿನ ಮನ್ಯಾಗ ಸೈತ ಆಗ್ತಾವ. ಆದ್ರ ಇಲೆಕ್ಷನ್ ಬಂತಂದ್ರ ನಮ್ಮ ಊರಾಗ ದಿನಾ ಮುಂಜಾನಿ ಬಾಗಲ ತೆಗೆಯೋದೇ ತಡ, ಒಂದಿಲ್ಲೊಂದು ಆಗೇ ತೀರ್ತದ. ಶಹಾಪುರದಿಂದ ಸುರಪುರಕ್ಕ ಹೋಗೋ ರಸ್ತಾಕ್ಕ ಹತ್ತಿ ನಮ್ಮ ಊರು. ಕುರಿ ಸಾಕೋ ಮನಿತನ ನಮ್ದು. ನನಗ ಓದಾಕ ಬರಂಗಿಲ್ಲ. ನಾ ಹೇಳಾಕತ್ತೀನಿ, ಮೊಮ್ಮಗಳು ಬರಕೊಳ್ಳಾಕತ್ತಾಳ. ಹೋದ ಎಮ್ಮೆಲ್ಲೆ ಇಲೆಕ್ಷನ್ನಿನಾಗ ನಮ್ಮ ಮನ್ಯಾಗ ಆದ ಮಾತಿವು.

ಸಪ್ಪಳ ಮಾತ್ರ ನನ್ನ ಪಾಲಿಗೆ

ಮೊದಲ ಒಂದು ಮಾತು ಹೇಳಿಬಿಡ್ತೀನಿ. ಇಷ್ಟು ವರ್ಷ ನನ್ನ ಓಟು ನಾ ಹಾಕೇ ಇರಲಿಲ್ಲ. ಪ್ರತಿ ಸಲ ನನ್ನ ಮಗ ನನ್ನ ರಟ್ಟಿ ಹಿಡಕೊಂಡು, ಓಟು ನಡಿಯೋ ಸರ್ಕಾರಿ ಸಾಲಿಗೆ ಕರಕೊಂಡು ಹೋಗಾವ. ಒಳಗ ಕುಂತ ಸಾಹೇಬರಿಗೆ, "ನಮ್ಮವ್ವಗ ಕಣ್ಣು ಕಾಣಂಗಿಲ್ರಿ, ನಾನೇ ಒತ್ತತೀನ್ರಿ" ಅನ್ನಾವ. ಒತ್ತೇ ಬಿಡಾವ. ಆ ಓಟಿನ ಡಬ್ಬಿ 'ಕುಂಯ್' ಅಂತ ಉದ್ದಕ ಒದರೋದು. ಹೊರಗ ಬಂದು, "ಯವ್ವ, ನಿನ್ನ ಓಟು ಬಿತ್ತು ನೋಡು" ಅನ್ನಾವ. ಓಟು ಅವಂದು, ಸಪ್ಪಳ ನಂದು.

ಮಗ ಕೆಟ್ಟಾವಲ್ಲ. ಊರಾಗ ಸಣ್ಣ ಲೀಡರ್ ಆಗ್ಯಾನ, ಅದೊಂದೇ ಬ್ಯಾನಿ. ಶಹಾಪುರದಾಗಿನ ದೊಡ್ಡ ಲೀಡರ್ ಮುಂದ ಕುಂತು, "ನಮ್ಮ ಹಟ್ಟಿಯೊಳಗ ಇಷ್ಟು ಓಟು, ನಮ್ಮ ಮನ್ಯಾಗ ಇಷ್ಟು" ಅಂತ ಕುರಿ ಎಣಿಸಿದಂಗ ಎಣಿಸಿ ಕೊಟ್ಟು ಬರತಾನ. ಆ ಎಣಿಕ್ಯಾಗ ನಾನೂ ಒಂದು ಕುರಿ.

ಈ ಸಲ ನಾ ಮನಸ್ಸಿನಾಗ ಗಟ್ಟಿ ಮಾಡಿದ್ನಿ. ಸಾಯೋದ್ರಾಗ ಒಂದರೆ ಓಟು ನನ್ನ ಕೈಲೆ ಹಾಕಬೇಕು. ಯಾರಿಗಿ ಹಾಕ್ತೀನಿ ಅನ್ನೋದು ನನಗ ಬಿಟ್ರ ಯಾರಿಗೂ ಗೊತ್ತಾಗಬಾರದು. ಸೊಸಿಗಿ ಹೇಳಿದ್ರ ಆಕಿ, "ಅತ್ತಿ, ನಿಮ್ಮ ಮಗ ಸಿಟ್ಟಿಗಿ ಬರತಾರ" ಅಂದ್ಳು.

"ಬರಲಿ. ಅವಗ ಹಲ್ಲು ಬರೋ ಮುಂದ ಮೂರು ತಿಂಗಳು ನಾ ನಿದ್ದಿ ಮಾಡಿಲ್ಲ. ಒಂದಿನ ಅವ ನಿದ್ದಿ ಬಿಟ್ರ ಏನಾಗ್ತದ?" ಅಂದ್ನಿ.

ಅಕ್ಕ ಸಣ್ಣಾಕಿ, ನಾ ಮುದುಕಿ

ಈ ಸಲ ಎಂಬತ್ತು ದಾಟಿದವರ ಮನಿಗೇ ಬಂದು ಓಟು ಬರಸ್ಕೊಂಡು ಹೋಗ್ತಾರಂತ ಸುದ್ದಿ ಬಂತು. ಪಟ್ಟಿಯೊಳಗ ನನ್ನ ಹೆಸರು ಇತ್ತು. ನನ್ನ ನೆಗೆಣ್ಣಿ ಹೆಸರು ಇರಲಿಲ್ಲ.

ನೆಗೆಣ್ಣಿ ಅಂದ್ರ ನನ್ನ ಭಾವನ ಹೆಂಡತಿ. ನಾ ಅಕ್ಕ ಅಂತೀನಿ. ನನ್ನ ಲಗ್ನದಾಗ ನಾ ಅಳಾಕತ್ತಿದ್ನಂತ ನನ್ನನ್ನ ಬಗಲಾಗ ಎತಗೊಂಡು ಅಕ್ಕಿಕಾಳು ಹಾಕಿಸಿದಾಕಿ. ಅಂಥಾಕಿಗಿ ಓಟಿನ ಕಾರ್ಡಿನಾಗ ಅರವತ್ತೆರಡು ವರ್ಷ. ನನಗ ಎಂಬತ್ನಾಲ್ಕು.

ಇದು ಹೆಂಗಾತಂದ್ರ, ಕಾರ್ಡು ಮಾಡಾಕ ಹೆಸರು ಬರಕೊಳ್ಳಾವ ಬಂದ ದಿನ ನಾ ಕಣದಾಗ ಜ್ವಾಳದ ರಾಶಿ ತೂರಾಕತ್ತಿದ್ನಿ. ತಲಿ, ಹುಬ್ಬು, ಮಾರಿ ಎಲ್ಲಾ ಹೊಟ್ಟಿನ ಧೂಳಿ ಕೂತು ಬೆಳ್ಳಗ ಆಗಿದ್ವು. "ವಯಸ್ಸೆಷ್ಟ್ರಿ ಆಯಿ?" ಅಂದ. "ನನಗೇನು ಗೊತ್ತಪ್ಪ, ನೋಡಿ ಬರಕೋ" ಅಂದ್ನಿ. ಅವ ನೋಡಿದ, ಬರಕೊಂಡ. ಅಕ್ಕ ಅವತ್ತ ತಲಿಗಿ ಎಣ್ಣಿ ಹಚ್ಚಿ ಎರಕೊಂಡು, ಹೊಸಾ ಇಲಕಲ್ ಸೀರಿ ಉಟ್ಟು ಕಟ್ಟಿ ಮ್ಯಾಲ ಕುಂತಿದ್ಳು. ಆಕಿನೂ ನೋಡಿ ಬರಕೊಂಡ.

ಪಟ್ಟಿ ಓದಿದ ದಿನ ಅಕ್ಕ ಕೋಲು ಊರಿಕೊಂಡು ನಮ್ಮ ಮನಿಗಿ ಬಂದ್ಳು. "ಏನೇ, ನಿನ್ನ ಮೂಗು ಒರಸಿದಾಕಿ ನಾ. ನಿನಗ ಮನಿಗಿ ಬಂದು ಓಟು, ನಾ ಬಿಸಲಾಗ ಸಾಲಿತನಕ ಹೋಗಬೇಕಾ?" ಅಂತ ಜಗಳಕ್ಕ ನಿಂತ್ಳು.

ನಾ ಅಂದ್ನಿ, "ಅಕ್ಕ, ನೀ ಸಣ್ಣಾಕಿ. ಹಿರೇರ ಮುಂದ ಹಿಂಗ ದನಿ ಎತ್ತಬಾರದು."

ಹಳೇ ಆಣಿ

ನನ್ನ ಹೆಸರು ಪಟ್ಟ್ಯಾಗ ಬಂದದ್ದು ಎರಡೂ ಪಾರ್ಟಿಯವರಿಗೆ ಗೊತ್ತಾತು. ಮರುದಿನದಿಂದ ನನ್ನ ಆರೋಗ್ಯ ಕೇಳೋರಿಗೆ ಲೆಕ್ಕಿಲ್ಲ. ಮಗ ಒಂದು ಪಾರ್ಟಿಗಿ ಮಾತು ಕೊಟ್ಟಿದ್ದ. ಇನ್ನೊಂದು ಪಾರ್ಟಿಯ ಎತ್ತರದ ಮನುಷ್ಯ, ನಮ್ಮ ಊರಾವನೇ, ಮಗ ಇಲ್ಲದ ಹೊತ್ತು ನೋಡಿ ಬಂದ. ಕೈಯಾಗ ಒಂದು ಅರಿಬಿ ಗಂಟು, ಅದರಾಗ ದೇವರ ಮುಂದಿನ ಅರಿಷಿಣದ ಭಂಡಾರ. ನಮ್ಮ ಮಂದಿ ಭಂಡಾರ ಮುಟ್ಟಿ ಮಾತು ಕೊಟ್ರ ಮುಗೀತು, ಮೀರಂಗಿಲ್ಲ. ಅದು ಅವಗೂ ಗೊತ್ತು.

"ಆಯಿ, ಇದನ್ನ ಮುಟ್ಟಿ ನಮಗ ಹಾಕ್ತೀನಿ ಅಂದುಬಿಡು, ಸಾಕು" ಅಂದ.

ನಾ ಅವನ ಹೆಗಲ ಮ್ಯಾಲಿನ ಶಲ್ಯ ನೋಡಿದ್ನಿ. ಅದರ ಹಿಂದಿನ ಇಲೆಕ್ಷನ್ನಿನಾಗ ಬ್ಯಾರೆ ಬಣ್ಣದ್ದಿತ್ತು.

"ತಮ್ಮಾ, ಹೋದ ಸಲಾನೂ ನೀನೇ ಬಂದಿದ್ದಿ. ಇದೇ ಭಂಡಾರ ಮುಟ್ಟಿಸಿ ಆ ಪಾರ್ಟಿಗಿ ಆಣಿ ಹಾಕಿಸಿದಿ. ಅದನ್ನ ಇಳಿಸಿದ್ಯಾ?"

"ಅದು ಹೋದ ಸಲದ್ದು ಬಿಡು ಆಯಿ."

"ಆಣಿಗೇನು ತಾರೀಖು ಇರ್ತದೇನು? ಹಳೇದು ನನ್ನ ತಲಿ ಮ್ಯಾಲ ಅದ. ಅದರ ಮ್ಯಾಲ ಹೊಸಾದು ಕುಂತ್ರ ನಾ ಯಾವ ದೇವರಿಗಿ ಜವಾಬು ಹೇಳಲಿ? ಹಾಕಿಸಿದಾವನೇ ಇಳಿಸಬೇಕು. ಗುಡಿಗಿ ಹೋಗು, ಕಾಯಿ ಒಡಸು, ಬರಿಗಾಲಲೆ ಐದು ಸುತ್ತು ಹಾಕಿ, ತಪ್ಪಾತು ಅಂದು ಬಾ. ಆಮ್ಯಾಲ ನೋಡೋಣು."

ದೇವರ ಮಾತು, ಒಲ್ಲೆ ಅನ್ನಾಕ ಬರಂಗಿಲ್ಲ. ಹಟ್ಟಿ ಹೆಣ್ಮಕ್ಕಳೆಲ್ಲಾ ಕೇಳಾಕತ್ತಿದ್ರು. ಹೋದ. ನಮ್ಮ ಕಡಿ ಬ್ಯಾಸಗಿ ನಿಮಗ ಗೊತ್ತಲ್ಲ, ನಡು ಹೊತ್ತಿನಾಗ ಗುಡಿ ಸುತ್ತಲಿನ ಪರಸಿ ಕಲ್ಲು ರೊಟ್ಟಿ ಹಂಚಿನಂಗ ಕಾದಿರ್ತದ. ಅವ ಜಿಗದು ಜಿಗದು ಐದು ಸುತ್ತು ಓಡಿದ್ದು ನೋಡಿ ಅಕ್ಕ ಕೈ ಮುಗದ್ಳು. "ಏನು ಭಕ್ತಿ ನೋಡೇ! ಕಾಲು ನೆಲಕ್ಕ ಹತ್ತವಲ್ವು!"

ಬಾಗಲದ ಸಿನೆಮಾ

ಓಟು ಬರಸ್ಕೊಳ್ಳೋ ದಿನ ಬಂತು. ಯಾದಗಿರಿಯಿಂದ ಜೀಪು ಬಂತು. ಅದರಾಗ ಒಬ್ಬಾಕಿ ಮೇಡಮ್ಮು, ಒಬ್ಬ ಗುಮಾಸ್ತ, ಒಬ್ಬ ಪೊಲೀಸು, ಒಬ್ಬ ಕ್ಯಾಮೆರಾದಾವ. ಬೆನ್ನ ಹಿಂದ ಎರಡು ಪಾರ್ಟಿಯ ಇಬ್ಬರು ಏಜೆಂಟರು. ಒಬ್ಬ ಅದೇ ಎತ್ತರದ ಮನುಷ್ಯ, ಸುತ್ತು ಹಾಕಿದ ಮ್ಯಾಲ ಹೊಸಾ ಆಣಿ ಕೇಳಾಕ ಹೊಳ್ಳಿ ಬಂದಿರಲಿಲ್ಲ, ಇನ್ನಾ ಕುಂಟಾಕತ್ತಿದ್ದ. ಇನ್ನೊಬ್ಬ ಮಗನ ಪಾರ್ಟಿಯ ಗಿಡ್ಡ ಮನುಷ್ಯ.

ಸೊಸಿ ಚಾ ಇಟ್ಳು. ಮೇಡಮ್ಮು ಕೈ ಅಡ್ಡ ಹಿಡದ್ಳು. "ಬ್ಯಾಡ್ರಿ ಆಯಿ. ಓಟು ಹಾಕೋರ ಮನ್ಯಾಗ ನಾವು ಏನೂ ತೊಗೊಳ್ಳಾಂಗಿಲ್ಲ. ರೂಲ್ಸ್ ಅದ."

"ಇಂಥಾ ಬಿಸಲಾಗ ಬಂದವರು ಬರೀ ಬಾಯಲೆ ಹೋಗಬೇಕಂತ ಯಾವ ತಾಯಿ ಮಗ ಬರದಾನ ಆ ರೂಲ್ಸು? ನಮ್ಮ ಮನ್ಯಾಗೂ ಒಂದು ರೂಲ್ಸ್ ಅದ. ಬಂದವರು ಬಾಯಾಗ ಏನರೆ ಹಾಕ್ಕೊಳ್ಳೋತನಕ ನಾವು ಮಾತಿಗಿ ಕುಂದ್ರಂಗಿಲ್ಲ."

"ಆಯಿ, ಏಜೆಂಟರು ಕಂಪ್ಲೇಂಟ್ ಮಾಡಿದ್ರ ನನ್ನ ನೌಕರಿ ಹೋಗ್ತದ."

ಪಾಪ, ಆಕಿ ಮಾರಿ ಬಿಸಲಿಗಿ ಕೆಂಪಗ ಆಗಿತ್ತು. ಸೊಸಿಗಿ ಕಣ್ಣು ಹೊಡದ್ನಿ. ಆಕಿ ಮೊದಲನೇ ಕಪ್ಪು ಬಸಿ ಗಿಡ್ಡ ಏಜೆಂಟಗ ಕೊಟ್ಳು. ಮುಂಜಾನಿಯಿಂದ ಜೀಪಿನ ಹಿಂದ ತಿರುಗಿದಾವ, ಬಸಿಗಿ ಹಾಕ್ಕೊಂಡು ಸುರ್ರಂತ ಕುಡದ. ಅವ ಕುಡದದ್ದು ನೋಡಿ ಎತ್ತರದಾವನೂ ಕುಡದ. ಬಿಟ್ರ ನಮ್ಮ ಓಟು ಎಲ್ಲಿ ಹೋಗ್ತದೋ ಅಂತ ಇಬ್ಬರೂ ಎರಡೆರಡು ಕಪ್ಪು ಕುಡದ್ರು.

"ಈಗ ಇವರ ಬಾಯಾಗ ನಮ್ಮ ಸಕ್ರಿ ಅದ. ಯಾರ ಬಾಯಲೆ ಕಂಪ್ಲೇಂಟ್ ಮಾಡ್ತಾರ?" ಅಂದ್ನಿ.

ಉಳಿದದ್ದು ಕ್ಯಾಮೆರಾ ಒಂದು. ಅದನ್ನ ಹಿಡದಾವ ನನ್ನ ಮಾರಿ ನೋಡಿದ, ಚಾದ ಕಪ್ಪು ನೋಡಿದ, ಮೆಲ್ಲಕ ಕ್ಯಾಮೆರಾ ಬಾಗಲ ಕಡಿ ತಿರುವಿ ನಿಂತ. ಎಲ್ಲರೂ ಕುಡದ್ರು. ಅವನೂ ಕುಡದ ಮ್ಯಾಲೇ ಈ ಕಡಿ ತಿರುವಿದ. ಯಾದಗಿರಿಯೊಳಗ ಸರ್ಕಾರದ ಪೆಟ್ಟಿಗ್ಯಾಗ ನಮ್ಮ ಮನಿ ಬಾಗಲದ ಸಿನೆಮಾ ಐದು ನಿಮಿಷದ್ದು ಇನ್ನಾ ಇರಬೇಕು.

ಸೂಜಿ, ಪೆನ್ನು

ಬೀಸೋ ಕಲ್ಲಿನ ಮ್ಯಾಲ ಯಾರಿಗೂ ಕಾಣದಂಗ ರಟ್ಟಿನ ಮರಿ ಕಟ್ಟಿ, ಅದರ ಹಿಂದ ನಾ ಒಬ್ಬಾಕಿನೇ ಕುಂದ್ರಬೇಕು ಅಂದ್ರು. ಅಷ್ಟರಾಗ ಮಗ ಓಡಿ ಬಂದ.

"ಮೇಡಮ್ರೀ, ನಮ್ಮವ್ವಗ ಕಣ್ಣು ಕಾಣಂಗಿಲ್ರಿ. ನಾ ಸಂಗಾಟ ಕುಂದ್ರತೀನಿ."

ಕಣ್ಣು ಕಾಣದವರಿಗೆ ಒಬ್ಬರು ಸಂಗಾಟ ಇರಬಹುದಂತ, ಅದೂ ರೂಲ್ಸಿನಾಗ ಅದ. ಮೇಡಮ್ಮು ನನ್ನ ಕಡಿ ನೋಡಿದ್ಳು. ಇಲ್ಲೀತನಕ ಬಂದ ಓಟು ಮತ್ತ ಅವನ ಕೈಗಿ ಹೊಂಟಿತು.

ಕಟ್ಟಿ ಮ್ಯಾಲ ನಾ ಹೊಲಿಯಾಕತ್ತಿದ್ದ ಕೌದಿ ಇತ್ತು. ಅದರಾಗಿನ ಸೂಜಿ ತೆಗದು, ದಾರ ಕಿತ್ತಿ, ಮಗನ ಕೈಯಾಗ ಕೊಟ್ನಿ. "ನಿನಗ ಕಾಣತದಲ್ಲ, ಪೋಣಸು."

ಅವ ದಾರ ನೆಕ್ಕಿದ, ಒಂದು ಕಣ್ಣು ಮುಚ್ಚಿದ, ನಾಲಿಗಿ ಹೊರಗ ಹಾಕಿದ. ದಾರ ಈ ಕಡಿ, ಸೂಜಿ ಆ ಕಡಿ. ಪೊಲೀಸಪ್ಪ, "ತಾ ಇಲ್ಲಿ" ಅಂತ ಇಸಗೊಂಡ. ಅವಂದೂ ಆಗಲಿಲ್ಲ. ನಾ ತೊಗೊಂಡು ಒಂದೇ ಸಲಕ್ಕ ಪೋಣಿಸಿ, ಗಂಟು ಹಾಕಿ, ಮೇಡಮ್ಮಿನ ಮುಂದ ಹಿಡದ್ನಿ.

ಮೇಡಮ್ಮು ಮಗಗ ಅಂದ್ಳು, "ನಿಮ್ಮ ಓಟಿನ ದಿನ ಬೇಕಂದ್ರ ಇವರನ್ನ ನಿಮ್ಮ ಸಂಗಾಟ ಕರಕೊಂಡು ಬರ್ರಿ."

ಮರಿ ಹಿಂದ ಕುಂತ್ನಿ. ಕಾಗದದ ಮ್ಯಾಲ ಹೆಸರು, ಗುರ್ತು ಇದ್ವು. ಕೈಯಾಗ ಪೆನ್ನು ಕೊಟ್ಟಿದ್ರು. ಖರೇ ಹೇಳಲಿ? ಇಷ್ಟು ವಯಸ್ಸಾಗಿತ್ತು, ಪೆನ್ನು ಹಿಡದದ್ದು ಅವತ್ತೇ. ಎಲ್ಲಾ ಕಡಿ ಹೆಬ್ಬಟ್ಟೇ ಒತ್ತಿದಾಕಿ. ಹೆಂಗ ಹಿಡಿಬೇಕೋ ಗೊತ್ತಾಗಲಿಲ್ಲ. ಸೂಜಿ ಹಿಡದಂಗ ಹಿಡದ್ನಿ. ಮೇಡಮ್ಮು ಹೇಳಿದಂಗ ಒಂದು ಗೀಟು ಹಿಂಗ, ಒಂದು ಗೀಟು ಹಂಗ ಎಳದ್ನಿ. ಅಷ್ಟೇ. ಕಣ್ಣಾಗ ನೀರು ಯಾಕ ಬಂತೋ.

ಕಾಗದ ಮಡಚಿ ಲಕೋಟಿಗಿ ಹಾಕಿ ಅಂಟಿಸಿ, ಪೆಟ್ಟಿಗ್ಯಾಗ ಬಿಟ್ನಿ. ಕಿವಿಗೊಟ್ಟು ಕುಂತ್ನಿ. ಏನೂ ಇಲ್ಲ.

"ಮೇಡಮ್ಮ, ಕುಂಯ್ ಅನ್ನಲಿಲ್ಲಲ್ರಿ? ಬಿದ್ದದೋ ಇಲ್ಲೋ?"

"ಕಾಗದದ ಓಟಿಗಿ ಸಪ್ಪಳ ಇರಂಗಿಲ್ಲ ಆಯಿ. ಬಿದ್ದದ."

ನನಗ ಸಮಾಧಾನ ಆಗವಲ್ದು. ಎಬ್ಬಿಸಿದ್ರೂ ಏಳಲಿಲ್ಲ. ಕಡೀಕ ಆ ಕ್ಯಾಮೆರಾದಾವ, ಪುಣ್ಯಾತ್ಮ, ನನ್ನ ಕಿವಿ ಹತ್ರ ಬಗ್ಗಿ ಬಾಯಲೇ 'ಕುಂಯ್' ಅಂತ ಉದ್ದಕ ಒದರಿದ. ಆಗ ಎದ್ನಿ.

ಲೀಡರನ ಬೆರಳು

ಅವತ್ತಿನಿಂದ ಮಗಂದು ಮೂರು ಹೊತ್ತು ಒಂದೇ ಮಾತು. "ಯವ್ವ, ಯಾರಿಗಿ ಹಾಕಿದಿ?" ಉಣ್ಣಾಕ ಕುಂತ್ರ ಅದೇ, ಹಾಸಗಿ ಹಾಕಿದ್ರ ಅದೇ. ನಾ ಮೇಲ ನೋಡಿ, "ಮಳಿ ಯಾವಾಗ ಬರ್ತದೋ" ಅಂತಿದ್ನಿ.

ಊರ ಮಂದಿಯ ಓಟಿನ ದಿನ ಬಂತು. ನಮ್ಮ ಹಟ್ಟಿ ಗಂಡಸರು ಅರ್ಧ ಮಂದಿ ಊರಾಗ ಇರಲಿಲ್ಲ. ಹುಣಸಗಿ ಕಡಿ ಕಾಲುವಿ ನೀರಿನ ಗದ್ದಿ, ಭತ್ತ ಕೊಯ್ದ ಮ್ಯಾಲ ಗೊಬ್ಬರಕ್ಕಂತ ಅಲ್ಲಿ ಹೊಲದಾಗ ಕುರಿ ನಿಲ್ಲಿಸಾಕ ಹೋಗಿರ್ತಾರ. ತಿಂಗಳುಗಟ್ಟಲೆ ಅಲ್ಲೇ. ಅವರನ್ನ ಕರಕೊಂಡು ಬರ್ತೀನಂತ ಮಗ ದೊಡ್ಡ ಲೀಡರಗ ಮಾತು ಕೊಟ್ಟಿದ್ದ. ಮುಂಜಾನೆ ಎದ್ದಾವನೇ ಟೆಂಪೋ ತೊಗೊಂಡು ಹೋದ.

ಕುರಿ ಕಾಯೋರು ಅಂದ್ರು, "ಅಣ್ಣ, ನಾವು ಬರ್ತೀವಿ. ಕುರಿ ಯಾರು ನೋಡ್ಕೋಬೇಕು?"

ಅದನ್ನ ನಮ್ಮ ಲೀಡರ್ ವಿಚಾರನೇ ಮಾಡಿರಲಿಲ್ಲ. "ನೀವು ಹೋಗಿ ಹಾಕಿ ಬರ್ರಿ. ಅಲ್ಲೀತನಕ ನಾ ನೋಡ್ಕೋತೀನಿ. ನಾಲ್ಕು ಗಂಟೆಕ್ಕ ವಾಪಸ್ ಬರ್ರಿ, ಆಮ್ಯಾಲ ನಾ ಹೋಗಿ ಹಾಕ್ತೀನಿ" ಅಂದ.

ಅವರು ಬಂದ್ರು, ಓಟು ಹಾಕಿದ್ರು. ಆದ್ರ ಎಷ್ಟೋ ದಿನಕ್ಕ ಹೆಂಡ್ರು ಮಕ್ಕಳ ಮಾರಿ ನೋಡಿದವರು, ಹಂಗೇ ಹೊಳ್ಳಿ ಹೋಗ್ತಾರೇನು? ಬಿಸಿ ರೊಟ್ಟಿ ಉಂಡ್ರು, ಮಕ್ಕಳನ್ನ ತೊಡಿ ಮ್ಯಾಲ ಕುಂದ್ರಿಸಿಕೊಂಡ್ರು, ಒಂದು ನಿದ್ದಿ ಹೊಡದ್ರು. ಎಲ್ಲರೂ ಫೋನ್ ಬಂದ್ ಮಾಡಿದ್ರು. ಅಲ್ಲಿ ನನ್ನ ಮಗ ಎಂಟುನೂರು ಕುರಿ ನಡುವ ನಿಂತು ಫೋನ್ ಮಾಡೇ ಮಾಡಾಕತ್ತಾನ, ಅವನ ಮಾತು ಕೇಳಾಕ ಕುರಿ ಬಿಟ್ರ ಯಾರೂ ಇಲ್ಲ. ಬಿಟ್ಟು ಬರೋಣಂದ್ರ ಕುರಿ ಬ್ಯಾರೆಯವರ ಹೊಲಕ್ಕ ನುಗ್ತಾವ. ಆರು ಹೊಡೀತು. ಸಾಲಿ ಗೇಟು ಮುಚ್ಚಿತು.

ಮರುದಿನ ಮನಿಗಿ ಬಂದ. ಎಡಗೈ ತೋರ ಬೆರಳಿಗಿ ದಪ್ಪಗ ಅರಿಬಿ ಸುತಗೊಂಡಿದ್ದ. "ಕುಡಗೋಲು ಹತ್ತಿತು" ಅಂದ. ಸಂಜಿಗಿ ದೊಡ್ಡ ಲೀಡರ್ ಕಡಿಯಿಂದ ಆ ಗಿಡ್ಡ ಏಜೆಂಟ್ ಮೋಸಂಬಿ ಚೀಲ ತಂದ. "ನಮ್ಮ ಸಲುವಾಗಿ ಓಡಾಡಿ ಬೆರಳು ಕೊಯ್ಕೊಂಡೀಯಂತ. ಸಾಹೇಬ್ರು ಭಾಳ ಮರುಗಿದ್ರು. ನಿನ್ನಂಥವರು ಹತ್ತು ಮಂದಿ ಇದ್ರ ಸಾಕು ಅಂದ್ರು" ಅಂತ ಹೆಗಲ ತಟ್ಟಿ ಹೋದ.

ತಾಯಿ ಜೀವ, ಸುಮ್ಮನಿರ್ತದೇನು? ಅರಿಷಿಣ ಕಲಸಿಕೊಂಡು ಬಂದು, "ತಾ, ಹಚ್ಚತೀನಿ" ಅಂದ್ನಿ. ಅವ ಒಲ್ಲೆ ಅಂತ ಕೈ ಜಗ್ಗಿದ. ನಾ ಹಿಡದ್ನಿ, ಬಿಚ್ಚಿದ್ನಿ.

ಗಾಯ ಇಲ್ಲ. ಶಾಯಿನೂ ಇಲ್ಲ. ಈಗ ಹುಟ್ಟಿದ ಕೂಸಿನ ಬೆರಳಿನಂಗ ಸ್ವಚ್ಛ ಇತ್ತು.

ಅವ ನನ್ನ ಕಾಲು ಹಿಡಕೊಂಡ. "ಯವ್ವ, ಯಾರ ಮುಂದೂ ಅನಬ್ಯಾಡ. ಸಾಹೇಬ್ರಿಗೆ ಗೊತ್ತಾದ್ರ ನನ್ನ ಮರ್ಯಾದಿ ಹೋಗ್ತದ."

ಮಗ ಅಲ್ಲೇನ್ರಿ? ಬಾಯಿ ಮುಚ್ಚಿಕೊಂಡು, ಹಿಂದಿನಕಿಂತ ದಪ್ಪಗ ಅರಿಬಿ ಸುತ್ತಿ ಕೊಟ್ನಿ.

ಮರುದಿನ ಎಲ್ಲರೂ ಉಣ್ಣಾಕ ಕುಂತೀವಿ. ಸೊಸಿ, ಮೊಮ್ಮಗಳು, ಅಕ್ಕ, ಎಲ್ಲರೂ ಇದ್ದಾರ. ಇವಗ ರೂಢಿ ಆಗಿಬಿಟ್ಟದ, ಬಾಯಿ ತಪ್ಪಿ ಕೇಳೇ ಬಿಟ್ಟ. "ಯವ್ವ, ಈಗರೆ ಹೇಳು, ಯಾರಿಗಿ ಹಾಕಿದಿ?"

ನಾ ರೊಟ್ಟಿ ಮುರಕೊಂತ, "ಹೇಳ್ತೀನಪ್ಪ. ಮೊದಲ ನೀ ಹೇಳು, ನೀ ಯಾರಿಗಿ ಹಾಕಿದಿ?" ಅಂದ್ನಿ.

ಅವ ಸೊಸಿ ಕಡಿ ತಿರುಗಿ, "ಇನ್ನೊಂದು ರೊಟ್ಟಿ ಹಾಕು" ಅಂದ.