ಕಣದಲ್ಲಿ ಒಣಗಿದ ಟೋನರ್

ಆಲ್ದೂರಿನಲ್ಲಿ ಪ್ರಿಂಟರ್ ರಿಪೇರಿ ಅಂಗಡಿ ಇಟ್ಟ ಮೇಲೆ ನನಗೆ ತಿಳಿದದ್ದು ಇಷ್ಟು: ನಮ್ಮ ಕಡೆಯವರು ಕಾಫಿ ಬೀಜವನ್ನು ಕಚ್ಚಿ ನೋಡಿಯೇ ಒಣಗಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಆದರೆ ಅಕ್ಷರ ಮೂಡಿಸುವ ಕಪ್ಪು ಪುಡಿ, ಅಂದರೆ ಟೋನರ್, ಮುಗಿಯಿತು ಎಂದು ಪ್ರಿಂಟರ್ ದೀಪ ಹಚ್ಚಿ ಹೇಳಿದರೂ ನಂಬುವುದಿಲ್ಲ. ಹಾಗಾಗಿ ನನಗೆ ಆಗಾಗ ಪುಕ್ಕಟೆ ನಗು ಸಿಗುತ್ತಲೇ ಇರುತ್ತದೆ. ಕೋಪವೂ.

ಅಲ್ಲಾಡಿಸುವವರು

ಬಾಳೂರು ಕಡೆಯ ಎಸ್ಟೇಟ್ ಒಂದರ ಲೆಕ್ಕ ಬರೆಯುವ ರೈಟರಿಗೆ ನಾನೇ ಹೇಳಿದ್ದೆ: "ಅಕ್ಷರ ಮಸುಕಾದ್ರೆ ಟೋನರ್ ತೆಗೆದು ಮೆಲ್ಲಗೆ ಅಲ್ಲಾಡ್ಸಿ. ಇನ್ನೊಂದಿಷ್ಟು ಪುಟ ಬರುತ್ತೆ. ಅಷ್ಟರಲ್ಲಿ ಹೊಸದು ತರಿಸ್ಕೊಳ್ಳಿ."

'ಮೆಲ್ಲಗೆ' ಅನ್ನುವುದನ್ನು ಅವರು ಮರೆತರು. ಮುಂದಿನ ಸಲ ಹೋದಾಗ ಆಫೀಸಿನ ಗೋಡೆ, ಕುರ್ಚಿ, ಅವರ ಬಿಳಿ ಅಂಗಿ, ಎಲ್ಲವೂ ಕಪ್ಪು. ಮೂಲೆಯಲ್ಲಿ ಹೊಸ ಟೋನರಿನ ಡಬ್ಬಿ ಬಿಚ್ಚದೆ ಕೂತಿತ್ತು.

"ಹೊಸದು ಇದ್ಯಲ್ಲ ಸಾರ್, ಹಾಕ್ಬಾರ್ದಾ?"

"ಹಳೇದ್ರಲ್ಲಿ ಇನ್ನೂ ಬೇಕಾದಷ್ಟಿದೆ ಮಾರಾಯ, ನೋಡು!" ಎಂದು ಅಂಗಿ ತೋರಿಸಿದರು.

ಪಟ್ಟಿ

ಸಹಕಾರ ಸಂಘವೊಂದರ ಕ್ಲರ್ಕ್ ಮೇಡಂ ಇದಕ್ಕೆ ತದ್ವಿರುದ್ಧ. ದೀಪ ಮಿನುಗಿದ್ದೇ ತಡ, ಹೊಸದು ಹಾಕಿದರು. ಹಾಕಿದ ಮೇಲೆ ಕಾಗದ ಬೆಳ್ಳಗೇ ಬರುತ್ತಿದೆ ಎಂದು ಫೋನ್. ಬಸ್ಸು ಹಿಡಿದು, ಘಾಟಿ ಸುತ್ತಿ ಹೋದರೆ ಪುಡಿ ಚೆಲ್ಲದಿರಲೆಂದು ಟೋನರಿಗೆ ಅಂಟಿಸಿ ಕಳಿಸುವ ಪಟ್ಟಿ ಹಾಗೇ ಇದೆ.

"ಇದನ್ನ ಎಳೆದು ತೆಗೀಬೇಕಿತ್ತು ಮೇಡಂ."

"ಸೀಲ್ ತೆಗೆದ್ರೆ ವಾಪಸ್ ತಗೊಳಲ್ಲ ಅಂತ ನೀವೇ ಹೇಳಿದ್ರಲ್ಲ!"

ಹೇಳಿದ್ದೆ, ನಿಜ.

ಬಿಸಿಲು

ಕಳಸದ ಹತ್ತಿರದ ಬೆಳೆಗಾರರೊಬ್ಬರು ಮೊದಲ ಸಲ ತಮ್ಮದೇ ಹೆಸರಿನಲ್ಲಿ ಕಾಫಿ ಪುಡಿ ಪ್ಯಾಕೆಟ್ ಮಾಡಿದ್ದರು. ಅದನ್ನು ನೋಡಲು ಮಧ್ಯಾಹ್ನ ಮಂಗಳೂರಿನ ವ್ಯಾಪಾರಿ ಬರುವವರಿದ್ದರು. ಅವರು ಒಪ್ಪಿಬಿಟ್ಟರೆ ಬೆಳೆಗಾರರ ಬಹುಕಾಲದ ಆಸೆ ಕೈಗೂಡಿದಂತೆ. ಬೆಳಿಗ್ಗೆಯೇ ನನಗೆ ಫೋನ್: "ಲೇಬಲ್ ಮಸುಕು ಬರ್ತಿದೆ. ಟೋನರ್ ಪುಡಿಗೆ ಥಂಡಿ ಹೊಡ್ದಿದೆ ಅಂತ ಕಾಣುತ್ತೆ. ಬೇಗ ಬಾ ಮಾರಾಯ."

ಹೋಗಿ ನೋಡಿದರೆ, ಕಣದಲ್ಲಿ ಹರಡಿದ ಕಾಫಿಯ ನಡುವೆ ಟೋನರ್ ಬಿಸಿಲು ಕಾಯಿಸುತ್ತಿದೆ! ಪುಡಿಯನ್ನು ಕಾಗದಕ್ಕೆ ಹಚ್ಚುವ ಒಳಗಿನ ಉರುಳೆಗೂ, ಅಂದರೆ ಡ್ರಮ್ಮಿಗೂ, ಬಿಸಿಲು ತಾಗಲೆಂದು ಅದರ ಮುಚ್ಚಳ ತೆರೆದೇ ಇರುವಂತೆ ಕಡ್ಡಿ ಕೊಟ್ಟಿದ್ದಾರೆ. ಕಾಫಿ ಮಗುಚುತ್ತಿದ್ದ ಹೆಂಗಸು ನನ್ನ ಕಣ್ಣೆದುರೇ ಅದನ್ನೂ ಮಗುಚಿ ಹಾಕಿದಳು.

"ಸಾರ್, ಡ್ರಮ್ಮಿಗೆ ಬೆಳಕೇ ತಾಗ್ಬಾರ್ದು!" ಎಂದು ತಲೆ ಚಚ್ಚಿಕೊಂಡೆ. ಆ ಮಾಡೆಲ್ಲಿನ ಹೊಸ ಟೋನರ್ ನನ್ನ ಬಳಿಯೂ ಇರಲಿಲ್ಲ. ಒಣಗಿದ್ದನ್ನೇ ಹಾಕಿ ಪ್ರಿಂಟ್ ಕೊಟ್ಟರೆ ಲೇಬಲ್ ತುಂಬ ಕಪ್ಪು ಪಟ್ಟೆ, ಮಧ್ಯೆ ಬೂದು ಹೊಗೆ. ಬೆಳೆಗಾರರ ಮುಖ ಬಾಡಿಹೋಯಿತು. ನನಗೂ ಸಂಕಟ. ಬೇರೆ ದಾರಿಯಿಲ್ಲದೆ ಅದನ್ನೇ ಅಂಟಿಸಿದೆವು.

ವ್ಯಾಪಾರಿ ಬಂದು ಕಾಫಿ ಕುಡಿದು, ಪ್ಯಾಕೆಟ್ ತಿರುಗಿಸಿ ನೋಡಿದರು. "ಕಾಫಿ ಒಳ್ಳೇದುಂಟು. ಲೇಬಲ್ ಅಂತೂ ಭಾರಿ ಚೆಂದ! ಸಾಲು ಬೆಟ್ಟ, ಮಧ್ಯೆ ಮಂಜು. ಯಾರು ಡಿಸೈನ್ ಮಾಡಿದ್ದು?"

ಬೆಳೆಗಾರರು ಕಣದ ಕಡೆ ನೋಡಿದರು. ನಾನು ನೆಲ ನೋಡಿದೆ. ಆರ್ಡರ್ ಸಿಕ್ಕಿತು.

ಮುಂದಿನ ವಾರ ಹೊಸ ಟೋನರ್ ಹಾಕಿ ಬಂದೆ. ಮಾರನೇ ದಿನವೇ ಫೋನ್.

"ಎಂಥ ಟೋನರ್ ಕೊಟ್ಯೋ ಮಾರಾಯ! ಬೆಟ್ಟನೂ ಇಲ್ಲ, ಮಂಜೂ ಇಲ್ಲ, ಬರೀ ಕ್ಲೀನಾಗಿ ಬರ್ತಿದೆ. ಅದಕ್ಕೇ ಕಣಕ್ಕೆ ಹಾಕ್ಸಿದೀನಿ. ಹದಕ್ಕೆ ಬಂತು ಅಂತ ಹೇಗೆ ಗೊತ್ತಾಗೋದು ಹೇಳು, ಇದನ್ನ ಕಚ್ಚಿ ನೋಡೋಕಾಗಲ್ವಲ್ಲ!"