ಬೀದರ್ ಕೋಟೆ ಮತ್ತು ನಮ್ಮ ಅತ್ತೆಯವರ ಗುಟ್ಟು

ಸಂಶಯ ಪಡುವುದು ನನ್ನ ಮಟ್ಟಿಗೆ ಉಸಿರಾಡಿದಷ್ಟೇ ಸಹಜ. ತರಕಾರಿಯವನು ಕೇಳದೆಯೇ ಕೊತ್ತಂಬರಿ ಹಾಕಿಕೊಟ್ಟರೆ, ಅಡಿಯಲ್ಲಿ ಕೊಳೆತ ಟೊಮೆಟೊ ಸೇರಿಸಿರಬೇಕು ಎಂದು ಚೀಲದೊಳಗೆ ಇಣುಕುತ್ತೇನೆ. ಬೆಳಗಿನ ಲೋಕಲ್ ರೈಲಿನಲ್ಲಿ ಯಾರಾದರೂ ತಾವಾಗಿಯೇ ಎದ್ದು ಜಾಗ ಬಿಟ್ಟುಕೊಟ್ಟರೆ, ಕೂರುವ ಮೊದಲು ಸೀಟನ್ನೊಮ್ಮೆ ಕೈಯಿಂದ ಮುಟ್ಟಿ ನೋಡುತ್ತೇನೆ. ಮುಂಬೈ ಪಕ್ಕದ ಠಾಣೆ ಪಟ್ಟಣದ ವಿಮಾ ಆಫೀಸಿನಲ್ಲಿ ನನಗೆ ಸಂಬಳ ಬರುವುದೂ ಇದೇ ಗುಣದಿಂದ. ವಿಮೆಯ ಹಣ ಕೇಳಿ ಬಂದವರು ನಿಜ ಹೇಳುತ್ತಿದ್ದಾರೋ ಇಲ್ಲವೋ ಎಂದು ನೋಡುವುದು ನನ್ನ ಕೆಲಸ. ದಿನವಿಡೀ ಊರವರನ್ನು ಅನುಮಾನಿಸಿ ಬಂದವನು ಡೊಂಬಿವಲಿ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಅದನ್ನು ಕಳಚಿಟ್ಟು ಮನೆಗೆ ಹೋಗುವುದು ಹೇಗೆ ಸಾಧ್ಯ?

ಹೀಗಿರುವಾಗ ಒಂದು ಭಾನುವಾರ, ನಮ್ಮ ಅತ್ತೆಯವರಿಗೆ ಬೀದರ್ ಕೋಟೆ ನೋಡಬೇಕಂತೆ ಎಂಬ ಸುದ್ದಿ ನನ್ನ ಕಿವಿಗೆ ಬಿತ್ತು. ಅತ್ತೆಯವರು ಗಿರಿಜಮ್ಮ, ಉಡುಪಿ ಕಡೆಯವರು. ಮಾವನವರು ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ಮೊಣಕಾಲು ನೋವೆಂದು ಸ್ಟೇಷನ್ನಿನ ಸೇತುವೆಯನ್ನೂ ಹತ್ತದ ಹೆಂಗಸು. ಅಂಥವರಿಗೆ ಇದ್ದಕ್ಕಿದ್ದಂತೆ ಅರಸರ ಕೋಟೆ ಏಕೆ? ನಾನು ವಿಜಾಪುರದವನು. ಕೋಟೆ ಕೊತ್ತಲಗಳ ವಿಷಯದಲ್ಲಿ ನಮ್ಮೂರನ್ನು ಬಿಟ್ಟು ಬೇರೆ ಊರಿನ ಹೆಸರು ಹೇಳಿದರೆ ಸ್ವಲ್ಪ ನೋವಾಗುತ್ತದೆ. "ವಿಜಾಪುರಕ್ಕ ಹೋಗೋಣ ಬರ್‍ರಿ ಅತ್ತಿ, ನಾನ ಎಲ್ಲಾ ತೋರಸ್ತೀನಿ" ಎಂದೆ. ಬೇಡ ಎಂದರು. ದೂರವಾದೀತು ಎಂದರೆ ಕಲ್ಯಾಣದಲ್ಲೇ ಹಿನ್ನೀರಿನ ದಂಡೆಗೆ ದುರ್ಗಾಡಿ ಕೋಟೆ ಇದೆ, ರಿಕ್ಷಾದಲ್ಲಿ ಹೋಗಿ ಊಟದ ಹೊತ್ತಿಗೆ ಬರಬಹುದು ಎಂದೆ. ಅದೂ ಬೇಡವಂತೆ. ಬೀದರೇ ಆಗಬೇಕು. ಅಲ್ಲಿಗೆ ನನ್ನ ಮೂಗು ಚುರುಕಾಯಿತು.

ನಮ್ಮ ಮನೆಯಲ್ಲಿ ಗುಟ್ಟು ಕಾಪಾಡುವುದು ಬಹಳ ಸುಲಭ. ಅತ್ತೆಯವರೂ ನನ್ನ ಹೆಂಡತಿ ಸುಮತಿಯೂ ತುಳುವಿಗೆ ಹೊರಳಿದರೆ ಸಾಕು, ನಾನು ಗೋಡೆಯ ಹೊರಗೆ ನಿಂತಂತೆ. ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಬರುವ ತುಳು ಊಟದ ಎಲೆಯಿಂದ ಆಚೆ ಹೋಗಿಲ್ಲ. ಆದರೂ ಆ ವಾರ ಅಡುಗೆಮನೆಯಿಂದ "ಆರೆಗ್ ಗೊತ್ತಾವರೆ ಬಲ್ಲಿ" ಎಂಬ ಮಾತು ಎರಡು ಮೂರು ಸಲ ಕೇಳಿಸಿತು. ಆಫೀಸಿನಲ್ಲಿ ಮಂಗಳೂರಿನ ಸಹೋದ್ಯೋಗಿಯೊಬ್ಬರನ್ನು, ಯಾರೋ ದೂರದವರ ವಿಷಯವೆಂಬಂತೆ, ಅರ್ಥ ಕೇಳಿದೆ. "ಅವರಿಗೆ ಗೊತ್ತಾಗಬಾರದು" ಎಂದರು. ಯಾರಿಗೆ ಎಂದು ಕೇಳುವ ಅಗತ್ಯ ಬೀಳಲಿಲ್ಲ.

ಅಂದಿನಿಂದ ನಾನು ಎಲ್ಲವನ್ನೂ ಗಮನಿಸತೊಡಗಿದೆ. ಅತ್ತೆಯವರು ಬೆಳಿಗ್ಗೆ ಸಂಜೆ ಹೌಸಿಂಗ್ ಸೊಸೈಟಿಯ ಕಾಂಪೌಂಡಿನಲ್ಲಿ ನಡೆಯುವುದನ್ನು ಅಭ್ಯಾಸ ಮಾಡುತ್ತಿದ್ದರು. ಕಪಾಟಿನ ತಳದಲ್ಲಿದ್ದ ರೇಷ್ಮೆ ಸೀರೆ ಇಸ್ತ್ರಿಗೆ ಹೋಗಿ ಬಂದಿತ್ತು. ಕೋಟೆಯ ಕಲ್ಲುಗಳಿಗೆ ತೋರಿಸಲು ಯಾರಾದರೂ ರೇಷ್ಮೆ ಉಡುತ್ತಾರೆಯೇ? ಮಗಳು ಮುಕ್ತಾ ನವಿ ಮುಂಬೈಯಲ್ಲಿ ಎಂ.ಕಾಂ. ಓದುತ್ತಾಳೆ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಮರಾಠಿಯಲ್ಲಿ ಉತ್ತರಿಸುತ್ತಾಳೆ. ಬೀದರಿನಲ್ಲಿ ಅಂಥದ್ದೇನಿದೆಯಮ್ಮ ಎಂದು ಮೆಲ್ಲಗೆ ಕೆದಕಿದೆ. "ಆಜೀಲಾ ವಿಚಾರಾ ನಾ, ಬಾಬಾ" ಎಂದು ಅಜ್ಜಿಯ ಕಡೆ ಬೆರಳು ತೋರಿಸಿ, ಮೊಬೈಲಿಗೆ ಮುಖ ಹೂತು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ಶನಿವಾರ ಸಂಜೆ ಎಲ್ಲವೂ ಬಯಲಾಯಿತು, ಎಂದರೆ ನಾನು ಹಾಗೆಂದುಕೊಂಡೆ. ಅತ್ತೆಯವರು ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಕನ್ನಡದಲ್ಲೇ ಮಾತಾಡುತ್ತಿದ್ದರು. ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ನಾನು ಹತ್ತಿರ ಸರಿದೆ. "ಮನೆಯವರನ್ನೆಲ್ಲ ಕರ್ಕೊಂಡು ಕೋಟೆ ಬಾಗಿಲಿಗೇ ಬನ್ನಿ. ನಮ್ಮ ಹುಡುಗಿಯನ್ನು ನೋಡಿದ ಹಾಗೂ ಆಗ್ತದೆ" ಎನ್ನುತ್ತಿದ್ದರು. ನನ್ನ ಕೈಯಲ್ಲಿದ್ದ ಟವೆಲು ಕೆಳಗಿನ ಮನೆಯವರ ಗ್ರಿಲ್ಲಿನ ಮೇಲೆ ಬಿತ್ತು. ನನ್ನೊಬ್ಬಳೇ ಮಗಳ ಮದುವೆ! ಹೆತ್ತ ಅಪ್ಪನಿಗೆ ತಿಳಿಯದಂತೆ, ಯಾವನೋ ಬೀದರಿನ ವರನಿಗೆ, ಕೋಟೆ ನೋಡುವ ನೆಪದಲ್ಲಿ ಹೆಣ್ಣು ತೋರಿಸುವ ಏರ್ಪಾಟು. ರಾತ್ರಿ ಎಲ್ಲರೂ ಊಟಕ್ಕೆ ಕುಳಿತೆವು. ಮುಕ್ತಾ ಅನ್ನಕ್ಕೆ ಸಾರು ಕಲಸಿಕೊಳ್ಳುವುದನ್ನು ನೋಡಿದರೆ, ಇನ್ನೆಷ್ಟು ದಿನ ಈ ಮನೆಯಲ್ಲಿ ಉಣ್ಣುತ್ತಾಳೋ ಎಂದು ಕಣ್ಣು ತುಂಬಿ ಬಂತು. ಕೊನೆಗೆ ತಡೆಯಲಾರದೆ ತಟ್ಟೆ ಸರಿಸಿ ಕೇಳಿಯೇಬಿಟ್ಟೆ.

"ಹುಡುಗ ಏನ್ ಮಾಡ್ತಾನ್ರಿ ಅತ್ತಿ?"

ಮೂವರೂ ನನ್ನ ಮುಖ ನೋಡಿದರು. ನಾನು ಕೇಳಿಸಿಕೊಂಡದ್ದನ್ನೆಲ್ಲ ಹೇಳಿದೆ. ಮುಕ್ತಾ ನಗುತ್ತ ನೀರು ಕುಡಿಯಲು ಹೋಗಿ ಕೆಮ್ಮಿದಳು. ಸುಮತಿ ಹಣೆ ಹಿಡಿದುಕೊಂಡಳು. ಅತ್ತೆಯವರು ಮಾತ್ರ ನಗಲಿಲ್ಲ. ಕೈ ತೊಳೆದು ಬಂದು ಕುಳಿತು, ನಾನು ಇಷ್ಟು ವರ್ಷದಲ್ಲಿ ಕೇಳದೇ ಇದ್ದ ಕಥೆ ಹೇಳಿದರು.

ಮದುವೆಯಾದ ಹೊಸದರಲ್ಲಿ ಮಾವನವರು ಬೀದರಿನಲ್ಲಿ, ಕೋಟೆಗೆ ಹೋಗುವ ದಾರಿಯಲ್ಲೇ, ಚಿಕ್ಕ ಹೋಟೆಲು ಇಟ್ಟಿದ್ದರಂತೆ. ಅತ್ತೆಯವರು ಬೆಳಗಿನ ಜಾವ ಇಡ್ಲಿಗೆ ಇಟ್ಟರೆ ಸಂಜೆಯವರೆಗೂ ಒಲೆಯ ಮುಂದೆ. ಅಡುಗೆಮನೆಯ ಕಿಟಕಿಯಲ್ಲಿ ಕೋಟೆಯ ಗೋಡೆ ಕಾಣುತ್ತಿತ್ತು. ನೋಡಿ ಬಂದವರು ಚಹಾ ಕುಡಿಯುತ್ತ ಒಳಗಿನ ರಂಗೀನ್ ಮಹಲಿನ ಸುದ್ದಿ ಹೇಳುತ್ತಿದ್ದರು. ಇವತ್ತು ಹೋಗೋಣ, ನಾಳೆ ಹೋಗೋಣ ಎಂದು ಮಾವನವರು ಹೇಳುತ್ತಲೇ ಇದ್ದರು. ಹೋಟೆಲನ್ನು ಬೇರೆಯವರಿಗೆ ಕೊಟ್ಟು ಡೊಂಬಿವಲಿಗೆ ಬರುವ ದಿನವೂ ಪಾತ್ರೆ ಕಟ್ಟುವುದರಲ್ಲೇ ಕಳೆಯಿತು. ಫೋನಿನಲ್ಲಿದ್ದವರು ಆಗ ಪಕ್ಕದ ಮನೆಯಲ್ಲಿದ್ದ ಗೆಳತಿ ಶರಣಮ್ಮ. ಊರಲ್ಲೇ ಇದ್ದೂ ಆಕೆಯೂ ಒಳಗೆ ಕಾಲಿಟ್ಟಿಲ್ಲವಂತೆ. ಇಬ್ಬರೂ ಒಟ್ಟಿಗೆ ಹೋಗೋಣವೆಂದು ಮಾತಾಗಿದೆ. ಹುಡುಗಿಯನ್ನು ನೋಡುವುದು ಎಂದರೆ ಮೊಮ್ಮಗಳನ್ನು ನೋಡುವುದು, ಅಷ್ಟೇ.

"ಅಲ್ಲಿ ಗೋಡೆಗೆ ಸಮುದ್ರದ ಚಿಪ್ಪು ಕೂರಿಸಿದ್ದಾರೆ ಅಂತ ಗಿರಾಕಿಗಳು ಹೇಳ್ತಿದ್ರು" ಎಂದರು ಅತ್ತೆಯವರು. "ನಾನು ಸಮುದ್ರದ ಬದಿಯಿಂದ ಹೋದವಳು. ಆ ಒಣ ಊರಲ್ಲಿ ಚಿಪ್ಪು ಉಂಟು ಅಂತ ಕೇಳಿದ್ರೆ ಹೇಗಾಗ್ಲಿಕ್ಕಿಲ್ಲ ಹೇಳಿ."

ನನ್ನ ಮನಸ್ಸು ಕರಗಿತು. ಇಷ್ಟಕ್ಕೆ ಗುಟ್ಟೇಕೆ, ನಾನೇ ರಜೆ ಹಾಕಿ ಕರೆದೊಯ್ಯುತ್ತೇನೆ ಎಂದು ಉದಾರವಾಗಿ ಘೋಷಿಸಿದೆ. ಸುಮತಿ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಕೊನೆಗೆ ಅತ್ತೆಯವರೇ ನೆಲ ನೋಡುತ್ತ ಬಾಯಿಬಿಟ್ಟರು.

"ಟಿಕೆಟು ಮೂರೇ ಮಾಡ್ಸಿದ್ದು. ಬೇಜಾರು ಮಾಡ್ಬೇಡಿ. ನೀವು ಬಂದ್ರೆ ಒಂದೊಂದು ಕಲ್ಲಿಗೂ ನಿಮ್ಮೂರಿನ ಕಲ್ಲು ದೊಡ್ಡದು ಅಂತೀರಿ. ನನಗೆ ಸುಮ್ಮನೆ ನಿಂತು ನೋಡ್ಬೇಕು."

ಗೊತ್ತಾಗಬಾರದೆಂದು ಮುಚ್ಚಿಟ್ಟದ್ದು ಇದನ್ನು. ಇಷ್ಟೊಂದು ಸಂಶಯ ಪಟ್ಟವನಿಗೆ ಈ ಒಂದು ಸಂಶಯ ಮಾತ್ರ ಬಂದಿರಲಿಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ನಾನೇ ಚೀಲ ಹೊತ್ತು ಕಲ್ಯಾಣ ಸ್ಟೇಷನ್ನಿನಲ್ಲಿ ಅವರನ್ನು ರೈಲು ಹತ್ತಿಸಿ ಬಂದೆ.

ಮರುದಿನ ಆಫೀಸಿನಲ್ಲಿದ್ದಾಗ ಮುಕ್ತಾಳ ವಿಡಿಯೋ ಕರೆ ಬಂತು. ಅರೆಗತ್ತಲ ಕೋಣೆ. ಅತ್ತೆಯವರು ರೇಷ್ಮೆ ಸೀರೆಯಲ್ಲಿ, ಶರಣಮ್ಮನ ಕೈ ಹಿಡಿದು, ಕಪ್ಪು ಕಲ್ಲಿನ ಗೋಡೆಯ ಮುಂದೆ ನಿಂತಿದ್ದರು. ಕಲ್ಲಿನಲ್ಲಿ ಚಿಪ್ಪಿನ ಬಳ್ಳಿಗಳು ಹೊಳೆಯುತ್ತಿದ್ದವು. ಅವರು ಮುಟ್ಟಲಿಲ್ಲ, ಕತ್ತು ಮುಂದೆ ಮಾಡಿ, ಮನೆಯ ಸುದ್ದಿ ಕೇಳುವವರ ಹಾಗೆ ನೋಡುತ್ತಲೇ ಇದ್ದರು. ನಾನೂ ನೋಡುತ್ತಲೇ ಇದ್ದೆ. ನಮ್ಮ ವಿಜಾಪುರವೂ ನೆನಪಾಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮುಕ್ತಾಳ ಮುಖ ಪರದೆಯ ತುಂಬ ಕಾಣಿಸಿತು. "ಬಾಬಾ, ನೆಟ್‌ವರ್ಕ್ ಗೇಲಂ ಕಾ? ತುಮಚಾ ಆವಾಜ್‌ಚ ಯೇತ್ ನಾಹಿ" ಎಂದು, ನನ್ನ ದನಿಯೇ ಕೇಳುತ್ತಿಲ್ಲವೆಂದು ಫೋನನ್ನು ಅಲ್ಲಾಡಿಸಿ ನೋಡಿದಳು.

ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.